ತರಬೇತಿಗೆಂದು ಬರೆದ ವರದಿ

ಬೆಂಗಳೂರಿನ ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕಿಯಾಗಿದ್ದ ನಾನು ಗಂಡನ ಕೆಲಸದ ನಿಮಿತ್ತ ನೈರೋಬಿಗೆ ಬಂದವಳು. 2010ರ ದಶಕದ ನಡುವಿನಲ್ಲಿ, ಅಲ್ಲಿನ ಗಿಗಿರಿ ಬಡಾವಣೆಯ ಒಂದು ಅಂತಾರಾಷ್ಟ್ರೀಯ ಸಂಸ್ಥೆಯಲ್ಲಿ ಕಪ್ಪು ಪತ್ರಕರ್ತರಿಗೆ ತರಬೇತಿ ಏರ್ಪಡಿಸುವ ಕೆಲಸ ಸಿಕ್ಕಿತು. ನೈರೋಬಿಯದೇ ಹರ್ಲಿಂಗ್‌ಹ್ಯಾಮ್ ಬಡಾವಣೆಯಲ್ಲಿ ಒಂದು ಹಾಲ್ ಹಿಡಿದಿದ್ದೆವು. ಕಲಿಯಲು ಕೂತವರು ಆ ಊರಿನ ವರದಿಗಾರರು. ಆ ಊರಿನ ಬಗ್ಗೆ ಬರೆಯುವುದು ಹೇಗೆಂದು ಕಲಿಸುತ್ತಿದ್ದವರು ಹಿಂದಿನ ವಾರವಷ್ಟೇ ಯುರೋಪಿನಿಂದ ಬಂದಿಳಿದವರು.

ಕೋರ್ಟ್ ವರದಿಗಾರಿಕೆಯಲ್ಲಿ ಪಳಗಿದ ಹೆಂಗಸೊಬ್ಬಳು ಆ ತಂಡದಲ್ಲಿದ್ದಳು. ಸಂದರ್ಶನ ಮಾಡುವ ಪಾಠವನ್ನು ಸುಮ್ಮನೆ ಕೇಳಿಸಿಕೊಂಡಳು. ಕೊನೆಗೆ ಎಲ್ಲರೂ ಒಂದೊಂದು ತನಿಖಾ ವರದಿ ಬರೆಯಬೇಕಿತ್ತು. ಚೆನ್ನಾಗಿದ್ದದ್ದು ಸಂಸ್ಥೆಯ ವೆಬ್‌ಸೈಟಿನಲ್ಲಿ ಬರುತ್ತದೆ, ಬರೆದವರಿಗೆ ವಿದೇಶದಲ್ಲಿ ಮುಂದಿನ ತರಬೇತಿ ಎಂದು ಹೇಳಿದ್ದೆವು.

ಆಕೆ ನಮ್ಮದೇ ಕಚೇರಿ ಗುಡಿಸುವ ಹೆಂಗಸರ ಬಗ್ಗೆ ಬರೆದಳು. ಅವರು ಗುತ್ತಿಗೆದಾರನ ಆಳುಗಳು. ಬಸುರಿಯಾದರೆ ಕೆಲಸ ಹೋಗುತ್ತಿತ್ತು. ಮಟಾಟು ಎನ್ನುವ ಬಾಡಿಗೆ ವ್ಯಾನುಗಳಲ್ಲಿ ಅವರ ಜೊತೆ ಓಡಾಡಿ ಮಾತಾಡಿಸಿದ್ದಳು, ಗುತ್ತಿಗೆದಾರನ ಉತ್ತರವನ್ನೂ ಪಡೆದಿದ್ದಳು. ಆ ವರದಿಯಲ್ಲಿ ತಿದ್ದಲು ನನಗೆ ಏನೂ ಸಿಗಲಿಲ್ಲ.

ನನ್ನ ಮೇಲಧಿಕಾರಿ ಮೈಸೂರಿನವರು, ನೈರೋಬಿಯಲ್ಲಿ ನೆಲೆಸಿ ಬಹಳ ಕಾಲವಾಗಿತ್ತು. ನಮ್ಮಿಬ್ಬರನ್ನೂ ಕರೆಸಿ, ಆಕೆಯ ಎದುರಿಗೇ ಕನ್ನಡದಲ್ಲಿ ಹೇಳಿದರು: “ಇದು ಟ್ರೈನಿಂಗ್ ಅಷ್ಟೇ ಅಲ್ವೇನಮ್ಮಾ? ನಮ್ಮ ಆಫೀಸ್ ಬಗ್ಗೇನೇ ಬರ್ಕೊಂಡು ಬಂದ್ರೆ ಹಾಕೋಕಾಗುತ್ತಾ? ಇವ್ರಿಗೆ ಸ್ವಲ್ಪ ಕಲಿಸಿದ್ರೆ ಸಾಕು, ತಲೆ ಮೇಲೆ ಕೂರ್ತಾರೆ.”

ಏನು ಹೇಳಿದರೆಂದು ಆಕೆ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದಳು. ಅಷ್ಟನ್ನೂ ಹಾಗೆಯೇ ಹೇಳಿದೆ. ಅವರು ಕಿಟಕಿಯ ಕಡೆ ತಿರುಗಿದರು.

“ವರದಿಯಲ್ಲಿ ಏನಾದರೂ ತಪ್ಪಿದೆಯಾ ಸರ್?” ಎಂದಳು.

“ಇಲ್ಲ. ತುಂಬಾ ಚೆನ್ನಾಗಿದೆ.”

ವಿದೇಶದ ಅವಕಾಶ ಊರಂಚಿನ ಲಂಗಾಟಾದ ಜಿರಾಫೆಗಳ ಬಗ್ಗೆ ಬರೆದವನಿಗೆ ಹೋಯಿತು. ನಾನು ಮೇಲಿನವರ ತನಕ ಹೋಗಿ ವಾದಿಸಿದೆ, ಯಾರೂ ಕೇಳಲಿಲ್ಲ. ಆಕೆಯ ಪತ್ರಿಕೆಯೂ ನಮ್ಮ ಸಂಸ್ಥೆಯ ಜಾಹೀರಾತು ಕೈತಪ್ಪೀತೆಂದು ಹೆದರಿ ವರದಿಯನ್ನು ಬದಿಗಿಟ್ಟಿತು. ಕೊನೆಗೆ ಒಂದು ಸಣ್ಣ ಸ್ವಾಹಿಲಿ ರೇಡಿಯೊ ಅದನ್ನು ಓದಿ, ಆ ಹೆಂಗಸರ ಮಾತಿನ ಧ್ವನಿಮುದ್ರಣವನ್ನೂ ಕೇಳಿಸಿತು. ಹೆಸರು ಮರೆಮಾಡಿದ್ದರೂ ಗುತ್ತಿಗೆದಾರ ದನಿ ಗುರುತು ಹಿಡಿದು, ಮಾತಾಡಿದ್ದ ಇಬ್ಬರನ್ನು ಹೊರಗಟ್ಟಿದ. ಅದು ಗುತ್ತಿಗೆದಾರನ ಆಂತರಿಕ ವಿಷಯ ಎಂದು ನಮ್ಮ ಸಂಸ್ಥೆ ಕೈತೊಳೆದುಕೊಂಡಿತು.

ಮರುವರ್ಷದ ತರಬೇತಿಯ ಕರಪತ್ರಕ್ಕೆ ಆಕೆಯ ಫೋಟೊ ಆರಿಸಿದ್ದರು. ನಮ್ಮಲ್ಲಿ ಕಲಿತು ಮೇಲೆ ಬಂದವಳೆಂದು ವೇದಿಕೆಗೂ ಕರೆಯಬೇಕಂತೆ. ನಾನು ಕರೆಯಲು ಒಪ್ಪಲಿಲ್ಲ. ಫೋಟೊದ ವಿಷಯ ಮಾತ್ರ ತಿಳಿಸಲು ಫೋನ್ ಮಾಡಿದೆ.

“ಹಾಕಿಕೊಳ್ಳಲಿ ಬಿಡಿ,” ಎಂದಳು. “ಆ ಇಬ್ಬರಲ್ಲಿ ಒಬ್ಬಳು ನನ್ನ ಬೀದಿಯಲ್ಲೇ ಇದ್ದಾಳೆ. ಅವಳಿಗೆ ಏನು ಹೇಳಬೇಕು ಅನ್ನೋದನ್ನ ನಿಮ್ಮ ತರಬೇತಿಯಲ್ಲಿ ಯಾರೂ ಹೇಳಿಕೊಡಲಿಲ್ಲ.”

ಫೋಟೊ ಅಚ್ಚಾಯಿತು. ಆ ತರಬೇತಿ ಶುರುವಾಗುವ ಮೊದಲೇ ನಾನು ಕೆಲಸ ಬಿಟ್ಟೆ.