ಅತ್ತೆಯ ಕರುಳಿನಲ್ಲಿ ಉಂಡವರು

ಚನ್ನಗಿರಿಯಲ್ಲಿ ನಾದಿನಿಯ ಮಗನ ನಾಮಕರಣ ಮುಗಿಸಿ ಹೊನ್ನಾಳಿಗೆ ಹೊರಟಾಗ ಅತ್ತೆ ಮಿಕ್ಕ ಕೋಳಿ ಸಾರನ್ನು ಸ್ಟೀಲ್ ಡಬ್ಬಿಗೆ ತುಂಬಿಸಿಕೊಂಡರು. ಬೇಸಿಗೆ, ಸುಡುವ ಬಸ್ಸು. ಡಬ್ಬಿಯನ್ನು ಮೊಮ್ಮಗನಿಗಿಂತ ಜೋಪಾನವಾಗಿ ತೊಡೆಯ ಮೇಲಿಟ್ಟುಕೊಂಡಿದ್ದರು. ನಾನು ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುವವಳು. ಮನೆ ಸೇರಿದೊಡನೆ, "ಅತ್ತೆ, ಇದನ್ನ ಚೆಲ್ಲಿಬಿಡೋಣ" ಎಂದೆ.

"ನಿನ್ನ ಪಾಠ ಕಾಲೇಜಾಗೆ ಇಟ್ಕೋ. ಜಗಳೂರಾಗೆ ನಾವು ಮೊನ್ನೆ ಸಾರು ಉಂಡು ಬೆಳೆದೋರು."

ಬಿಸಿ ಕೂಡ ಮಾಡದೆ ಮುದ್ದೆ ಮುರಿದು ಉಂಡರು. ನಾನೂ ನನ್ನ ಗಂಡನೂ ಉಪ್ಪಿನಕಾಯಿ ಅನ್ನ ತಿಂದು ಹೇಡಿಗಳೆನಿಸಿಕೊಂಡೆವು.

ಮಾರನೆಯ ದಿನ ಅತ್ತೆಗೆ ಜ್ವರ, ಹೊಟ್ಟೆ ನುಲಿತ, ಪಾಯಿಖಾನೆಯಲ್ಲೇ ವಾಸ. ಓಆರ್‌ಎಸ್ ಕಲಸಿ ತಂದರೆ ಬಾಯಿ ಬಿಗಿಹಿಡಿದರು.

"ಏನೂ ಬ್ಯಾಡ. ಒಳಗೈತಲ್ಲ ಹುಳ, ಅದು ಉಪಾಸ ಬಿದ್ದು ಸಾಯ್ಲಿ."

"ಅದು ಸಾಯಲ್ಲ ಅತ್ತೆ, ನೀವು ಸೊರಗ್ತೀರಿ."

"ನಾನು ಉಣ್ಣದಿದ್ರೆ ಅದೇನು ತಿಂತೈತೆ, ನಿನ್ನ ತಲೆನಾ?"

ಸಂಜೆ ಎದ್ದು ನಿಲ್ಲಲು ಹೋದವರು ಕಣ್ಣು ಕತ್ತಲೆ ಬಂದು ಬಾಗಿಲಿಗೆ ಒರಗಿ ಕುಸಿದರು. ಆಟೊದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಅವರು ಒಂದು ಮಾತೂ ಬೈಯಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಆಗಲೇ. ಡ್ರಿಪ್ ಏರಿಸಿ ಔಷಧಿ ಕೊಟ್ಟರು. ಮಲ ಪರೀಕ್ಷೆಯ ವರದಿಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಎಂದು ಬಂತು.

ಸ್ವಲ್ಪ ಚೇತರಿಸಿಕೊಂಡ ಮೇಲೆ ಅತ್ತೆಯೇ ಕೇಳಿದರು. "ಈಗ ಹೇಳು. ನಾನು ಏನೂ ಉಂಡಿಲ್ಲ. ಅದು ಏನು ತಿಂತು?"

ಮಂಚದ ಅಂಚಿನಲ್ಲಿ ಕೂತು ಹೇಳಿದೆ. "ನಿಮ್ಮ ಕರುಳಾಗೆ ಒಳ್ಳೆ ಬ್ಯಾಕ್ಟೀರಿಯಾ ಬೇಕಾದಷ್ಟಿವೆ. ಇರೋದನ್ನೆಲ್ಲ ಅವೇ ಹಂಚ್ಕೊಂಡು ತಿಂತಾವೆ, ಹೊಸದಾಗಿ ಬಂದಿದ್ದಕ್ಕೆ ಏನೂ ಉಳಿಯಲ್ಲ. ಅದಕ್ಕೇ ಈ ಸಾಲ್ಮೊನೆಲ್ಲಾ ಕರುಳಿನ ಗೋಡೆಯನ್ನ ಕೆಣಕುತ್ತೆ. ಕರುಳು ಊದ್ಕೊಳ್ಳುತ್ತೆ. ಇದನ್ನ ಸುಡಾಕೆ ಅಂತ ಮೈ ಖಾರವಾದ ರಸಾಯನ ಬಿಡುತ್ತೆ. ಅದರಿಂದ ಹುಟ್ಟೋ ಪದಾರ್ಥನೇ ಇದು ಉಸಿರಾಡಾಕೆ ಬಳಸುತ್ತೆ. ಆ ಬಲದಾಗೆ, ಕರುಳಿಂದ ಉದುರಿದ ಚೂರುಪಾರು ತಿನ್ನುತ್ತೆ. ಒಳ್ಳೆಯವಕ್ಕೆ ಅದು ದಕ್ಕಲ್ಲ."



"ಅಂದ್ರೆ ನಮ್ಮ ಭಾವ ಇದ್ದಂಗೆ" ಎಂದರು ಅತ್ತೆ. ಭಾವ ಎಂದರೆ ನನ್ನ ಮಾವನವರ ಅಣ್ಣ. "ಮದುವೆ ಮನೆಯಾಗೆ ಜಗಳ ಎಬ್ಬಿಸ್ತಾನೆ. ಜನ ಅರ್ಧಕ್ಕೇ ಎದ್ದು ಹೋಗ್ತಾರೆ. ಇವನು ಕೂತು ಹೋಳಿಗೆ ಹೊಡೀತಾನೆ."

ನನ್ನ ವಿದ್ಯಾರ್ಥಿಗಳು ಯಾರೂ ಉತ್ತರಪತ್ರಿಕೆಯಲ್ಲಿ ಇಷ್ಟು ಚೆನ್ನಾಗಿ ಬರೆದಿಲ್ಲ.

"ಹಂಗಾದ್ರೆ ನಾನು ಉಪಾಸ ಇದ್ದಿದ್ದು?"

"ಅದಕ್ಕೆ ನಿಮ್ಮ ಊಟ ಬೇಕೇ ಇರಲಿಲ್ಲ ಅತ್ತೆ. ನಿಮ್ಮನ್ನೇ ಉಣ್ತಿತ್ತು."

"ಸೂಳೇಮಗಂದು" ಎಂದು ಅದಕ್ಕೆ ಬೈದು, ಓಆರ್‌ಎಸ್ ಲೋಟಕ್ಕೆ ಕೈ ಚಾಚಿದರು. ಅವರ ಬೈಗುಳ ಕೇಳಿ ಅಷ್ಟು ನೆಮ್ಮದಿ ನನಗೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ಗಂಜಿ ತಂದುಕೊಟ್ಟೆ. ಒಂದು ಚಮಚ ಬಾಯಿಗಿಟ್ಟು, ಪಕ್ಕದ ಮಂಚದಾಕೆಗೆ ಕೇಳುವಂತೆ ಹೇಳಿದರು: "ಯಾವ ಹುಳ ಏನು ತಿಂತೈತೆ ಅಂತ ನನ್ನ ಸೊಸೆಗೆ ಎಲ್ಲಾ ಗೊತ್ತು ನೋಡಮ್ಮ. ಅತ್ತೆ ಗಂಜಿಗೆ ಉಪ್ಪು ಹಾಕ್ಬೇಕು ಅನ್ನೋದು ಮಾತ್ರ ಗೊತ್ತಿಲ್ಲ."