ಕಡಲಿಗಿಟ್ಟ ಹೆಸರು

ಇನ್ನೂ ಬೆಳಕು ಹರಿದಿಲ್ಲ. ಈಜಿಯನ್ ಕಡಲಿನ ಪುಟ್ಟ ಬಂದರಿನಲ್ಲಿ ಗರುಫಾಲಿಯಾ ಎಡಗೈಯಿಂದಲೇ ದೋಣಿಯ ಹಗ್ಗ ಬಿಚ್ಚುತ್ತಿದ್ದಾರೆ. ಬಲ ಭುಜ ಬೇಸಿಗೆಯಿಂದ ಮೇಲೇಳುತ್ತಿಲ್ಲ. ಚುಕ್ಕಾಣಿ ಬಿಡಿ ಎಂದ ವೈದ್ಯರ ಮಾತನ್ನು ಗಾಳಿಗೆ ತೂರಿದ್ದಾರೆ.

"ಕಿರಾ, ಅಲೆ ಜೋರಿದೆ. ಇವತ್ತೊಂದಿನ ಬೇಡ್ವೇನೋ?" ಎನ್ನುತ್ತಾರೆ ಶಾಲೆಯ ಟೀಚರ್ ಥೆಯಾನೊ. ಕಿರಾ ಎಂದರೆ ಇಲ್ಲಿಯವರ ಬಾಯಲ್ಲಿ ಅಮ್ಮಾವ್ರು.

"ಕೂತ್ಕೊಳಿ ಟೀಚರಮ್ಮ. ಹಿಟ್ಟು ಕಾಯ್ತಿರುತ್ತೆ."

ನಿನ್ನೆ ಶಿಲುಬೆಯ ಹಬ್ಬ. ಚರ್ಚಿನಲ್ಲಿ ಹರಸಿಕೊಟ್ಟ ಕಾಮಕಸ್ತೂರಿಯ ಕುಡಿ ಇಟ್ಟು ಕಲಸಿದ ಹಿಟ್ಟೇ ಇಲ್ಲಿ ವರ್ಷವಿಡೀ ಬ್ರೆಡ್ಡಿಗೆ ಹೆಪ್ಪು. ಚರ್ಚಿಲ್ಲದ ಕಿರುದ್ವೀಪಗಳಿಗೆ ಆ ಕುಡಿ ಮುಟ್ಟಿಸುವುದು ಗರುಫಾಲಿಯಾ ಅವರ ದೋಣಿ.

ಗಂಡ ತೀರಿಕೊಂಡ ಮೇಲೆ ಚುಕ್ಕಾಣಿ ಹಿಡಿದಾಗ ಬಂದರೆಲ್ಲ ನಕ್ಕಿತ್ತು. "ಅವತ್ತು ಹಲ್ಲು ಕಿಸಿದೋರೇ ಇವತ್ತು ನನ್ನ ದೋಣೀಲಿ ಹಲ್ಲು ಕಟ್ಟಿಸ್ಕೊಳ್ಳೋಕೆ ಹೋಗ್ತಾರೆ" ಎಂದು ಈಗ ಇವರು ನಗುತ್ತಾರೆ.

ಕೊನೆಯ ದ್ವೀಪದಲ್ಲಿರುವುದು ಮೇಕೆ ಸಾಕುವ ಸೆವಾಸ್ತಿಯ ಮನೆಯೊಂದೇ. ಮಗಳು ಲೆಮೊನಿಯಾ ಅಲ್ಲಿನ ಶಾಲೆಯ ಏಕೈಕ ವಿದ್ಯಾರ್ಥಿನಿ. ದೋಣಿ ನಿಂತರೆ ಟೀಚರ್ ಇಲ್ಲ. ಟೀಚರ್ ಇಲ್ಲದಿದ್ದರೆ ಆ ಮನೆಯವರು ಮೇಕೆ ಮಾರಿ ಹೊರಡುತ್ತಾರೆ. ಗರುಫಾಲಿಯಾ ನೋವು ನುಂಗಿಕೊಂಡು ಚುಕ್ಕಾಣಿ ಹಿಡಿದು ಕೂರುವುದು ಈ ಭಯಕ್ಕೆ.

ಸಾಗುವ ದೋಣಿಯಲ್ಲಿ ಥೆಯಾನೊ ಅಂದಿನ ಪಾಠವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಾರೆ. ಆರ್ಕಿ ಎಂದರೆ ಹಿರಿಯ, ಪೆಲಗೊಸ್ ಎಂದರೆ ಕಡಲು. ಜಗತ್ತು ಯಾವ ದ್ವೀಪಗಳ ಸಾಲು ಕಂಡರೂ ಆರ್ಕಿಪೆಲಗೊ ಎನ್ನುತ್ತದೆ. ಮೊದಲು ಅದು ಈ ಕಡಲೊಂದರದೇ ಹೆಸರು. ಅದನ್ನು ರೂಢಿಗೆ ತಂದವರು ವೆನಿಸ್ಸಿನ ನಾವಿಕರೆಂದು ವಾದಿಸುವ ಪಂಡಿತರೂ ಇದ್ದಾರೆ. ಕಡಲ ತುಂಬ ದ್ವೀಪಗಳಿದ್ದುದರಿಂದ ಹೆಸರು ಮೆಲ್ಲಗೆ ನೀರಿನಿಂದ ನೆಲ ಹತ್ತಿತು.

"ಅಂದ್ರೆ ಮೊದಲು ಮಣ್ಣಿಗೆ ಇಟ್ಟಿದ್ದಲ್ಲ?" ಎಂದು ಗರುಫಾಲಿಯಾ ಕೇಳುವಷ್ಟರಲ್ಲಿ ದೊಡ್ಡ ಅಲೆಯೊಂದು ಬಡಿಯುತ್ತದೆ. ಚುಕ್ಕಾಣಿ ಕೈ ಜಾರಿ ದೋಣಿ ಅಡ್ಡ ತಿರುಗುತ್ತದೆ. ಇಬ್ಬರೂ ಸೇರಿ ಹೇಗೋ ದಡ ಮುಟ್ಟಿಸುತ್ತಾರೆ.

ಸೆವಾಸ್ತಿ ದಡದಿಂದ ಎಲ್ಲವನ್ನೂ ನೋಡಿದ್ದಾಳೆ. ಕುಡಿಯನ್ನು ಕಣ್ಣಿಗೊತ್ತಿಕೊಂಡು ಮಗಳ ಕೈಗಿಟ್ಟವಳೇ ದೋಣಿಗೆ ಇಳಿಯುತ್ತಾಳೆ.

"ಸ್ವಲ್ಪ ಸರೀರಿ ಕಿರಾ. ಇನ್ಮೇಲೆ ನಾನು ಹಿಡೀತೀನಿ, ನೀವು ಬೈತಾ ಕಲಿಸಿ."

"ಮೇಕೆ ಓಡಿಸ್ದಂಗಲ್ಲ ಕಣೇ ಇದು!"

"ಮೇಕೆ ಇನ್ನೂ ಕಷ್ಟ. ಸರೀರಿ."

ಚುಕ್ಕಾಣಿಯನ್ನು ಈವರೆಗೆ ಯಾರಿಗೂ ಮುಟ್ಟಗೊಡದ ಗರುಫಾಲಿಯಾ ಮೊದಲ ಬಾರಿಗೆ ಪ್ರಯಾಣಿಕರ ಹಲಗೆಯ ಮೇಲೆ ಕೂರುತ್ತಾರೆ. ಅಳುತ್ತಲೇ ಸೆವಾಸ್ತಿಯನ್ನು ಬೈಯುತ್ತಾರೆ.

ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾವು ನಿಮಗೇನು ಆಸೆ ಎಂದು ಕೇಳಿದರೆ ಗರುಫಾಲಿಯಾ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಆ ಮಗು ಓದು ನಿಲ್ಲಬಾರ್ದು, ಅಷ್ಟೇ. ಆಮೇಲೆ ನೋಡಿ, ನಡುವೆ ನೀರಿದೆ ಅಂತ ಆ ದ್ವೀಪದೋರನ್ನ ದೂರದೋರು ಅಂತ ಬರೀಬೇಡಿ. ಹೆಸರಿಟ್ಟಿದ್ದೇ ನೀರಿಗಂತೆ. ನಾವೆಲ್ಲ ಅದರ ಮನೆಯೋರು."