ಅತ್ತೆ ಆರಿಸಿದ ಕಲ್ಲು

ನಮ್ಮತ್ತೆಯ ಬಲ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಚರ್ಮ ನುಣ್ಣಗೆ, ಬಿಳಿಚಿಕೊಂಡು, ಬಿಗಿದುಕೊಂಡಿತ್ತು. ಮದುವೆಯಾಗಿ ಮನೆ ಹೊಕ್ಕ ದಿನ ಆ ಕೈಯನ್ನು ನನ್ನ ತಲೆಯ ಮೇಲಿಟ್ಟು ಹರಸಿದರು. ನನಗೆ ಮೈಯೆಲ್ಲ ಜುಮ್ಮೆಂದಿತು. ಆಶೀರ್ವಾದ ಮಾಡಿಸಿಕೊಂಡು ಹೆದರಿದ ಸೊಸೆ ಆ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ನಾನು ಮೊದಲೇ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೆ ಎದ್ದು ಕೂರುವವಳು. ನನ್ನ ತವರು ಕೊಳ್ಳೇಗಾಲದ ಕಡೆ. ದನದ ವ್ಯಾಪಾರಕ್ಕೆಂದು ತೇನಿಗೆ ಹೋದ ನಮ್ಮಪ್ಪ, ಅಷ್ಟು ದೂರದ ತಮಿಳು ಸೀಮೆಯಲ್ಲಿ ಕನ್ನಡ ಮಾತಾಡುವ ನಮ್ಮದೇ ಜನ ಸಿಕ್ಕರಲ್ಲ ಎಂದು ಹಿಗ್ಗಿಹೋಗಿ, ಜೊತೆಯಲ್ಲಿ ಟೀ ಕುಡಿದು ಎದ್ದೇಳುವಷ್ಟರಲ್ಲಿ ನನ್ನನ್ನು ಕೊಡುವ ಮಾತಾಡಿ ಬಂದುಬಿಟ್ಟಿದ್ದರು. ಹೀಗೆ ಅರವತ್ತರ ದಶಕದ ಶುರುವಿನಲ್ಲಿ ನಾನು ಕಂಬಂ ಹತ್ತಿರದ ಕಾಮಯಗೌಂಡನ್‌ಪಟ್ಟಿಗೆ ಬಂದೆ. ಅವರ ಮನೆಮಾತು ಕನ್ನಡವೇ, ಆದರೆ ಅರ್ಧ ನಮ್ಮ ಮುತ್ತಜ್ಜಿಯ ಕಾಲದ್ದು, ಇನ್ನರ್ಧ ತಮಿಳು. ಒಲೆಗೆ ಅಡುಪು, ಸೆರಗಿಗೆ ಮುಂದಾನಿ, ಭಯಕ್ಕೆ ಪಯ. ಇವಿಷ್ಟನ್ನು ಬೇಗ ಕಲಿತೆ. ಆ ಮನೆಯಲ್ಲಿ ಇವಕ್ಕೇ ಕೆಲಸ ಹೆಚ್ಚು.

ಅತ್ತೆಯ ಕೈಯ ಕಥೆ ಹೇಳಿದವಳು ಪಕ್ಕದ ಮನೆಯಾಕೆ. ಬಾವಿಯ ಹತ್ತಿರ ನನ್ನ ಕೊಡಕ್ಕೆ ನೀರು ಸುರಿಯುತ್ತಾ, ಹಬ್ಬದ ಅಡುಗೆ ವಿಚಾರಿಸುವಷ್ಟು ಸಲೀಸಾಗಿ ಹೇಳಿದಳು. ಅತ್ತೆಗೆ ಒಬ್ಬಳು ಮಗಳಿದ್ದಳಂತೆ, ನಮ್ಮ ಯಜಮಾನರ ಅಕ್ಕ. ಮದುವೆ ಗೊತ್ತಾಗಿತ್ತು. ಅಡುಗೆಮನೆಯ ಮೂಲೆಯಲ್ಲಿ ನೆಲದ ಒಲೆ. ಕೂತವರ ಬೆನ್ನಿಗೆ ಗೋಡೆ, ಒಂದು ಪಕ್ಕ ಸೌದೆ, ಇನ್ನೊಂದು ಪಕ್ಕ ಒರಳು. ಅಲ್ಲಿ ಕೂತು ಅನ್ನ ಬಸಿಯುವಾಗ ಸೆರಗಿಗೆ ಬೆಂಕಿ ಹತ್ತಿತು. ಎದುರಿಗೆ ಒಲೆ, ಎದ್ದು ಹೋಗಲು ಜಾಗವಿಲ್ಲ. ಕೊಟ್ಟಿಗೆಯಿಂದ ಓಡಿಬಂದ ಅತ್ತೆ ಬರಿಗೈಯಲ್ಲೇ ಬಡಿದು ಬಡಿದು ಆರಿಸಿದರು. ಬೆಂಕಿ ಆರಿತು, ಮಗಳು ಉಳಿಯಲಿಲ್ಲ. ಇಷ್ಟು ಹೇಳಿ ಆಕೆ ಕೊನೆಗೆ, "ಅದೇ ಅಡುಪು, ಅದೇ ಮೂಲೆ. ನೀ ಪತ್ರವಾಗಿರು ತಾಯಿ," ಎಂದು ನನ್ನ ಸೊಂಟಕ್ಕೆ ಕೊಡ ಏರಿಸಿದಳು.

ಪತ್ರವಾಗಿ ಎಂದರೆ ಜೋಪಾನವಾಗಿ ಎಂದು. ಜೋಪಾನ ಹೇಗೆ ಮಾಡುವುದು ಸ್ವಾಮಿ? ದಿನಾ ಬೆಳಗಾದರೆ ಆ ಮೂಲೆಗೇ ನಾನು ಹೋಗಿ ಕೂರಬೇಕು. ಬೆಂಕಿಕಡ್ಡಿ ಗೀರಿ ಒಲೆಗೆ ಒಯ್ಯುವಷ್ಟರಲ್ಲಿ ಆರಿಹೋಗುತ್ತಿತ್ತು. ಮತ್ತೊಂದು ಗೀರುತ್ತಿದ್ದೆ. ಈ ಮೂಲೆ ಒಬ್ಬಳನ್ನು ನುಂಗಿದೆ, ಮುಂದಿನವಳು ನಾನೇ ಎಂದು ನನಗೆ ಖಾತ್ರಿಯಾಗಿಹೋಗಿತ್ತು. ಇದರ ಮೇಲೆ ಅತ್ತೆ ಬೇರೆ. ಬಾಗಿಲ ಚೌಕಟ್ಟು ಹಿಡಿದು ನಿಂತುಬಿಡುತ್ತಿದ್ದರು. ಒಳಗೆ ಕಾಲಿಡುವುದಿಲ್ಲ, ಹೊರಗೂ ಹೋಗುವುದಿಲ್ಲ. ಒಮ್ಮೊಮ್ಮೆ ಇದ್ದಕ್ಕಿದ್ದಂತೆ "ಮುಂದಾನಿ!" ಎಂದು ಕಿರುಚುತ್ತಿದ್ದರು. ನಾನು ಹೌಹಾರಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಷ್ಟರಲ್ಲಿ ಸೌಟು ಬೂದಿಗೆ ಬಿದ್ದಿರುತ್ತಿತ್ತು. ನಮ್ಮ ಯಜಮಾನರು ಮಧುರೆಯಿಂದ ಆಸೆಪಟ್ಟು ತಂದ ನೈಲಾನ್ ಸೀರೆಯನ್ನು ಉಟ್ಟು ಒಂದು ದಿನ ಅಡುಗೆಮನೆ ಕಡೆ ಹೊರಟೆ. ಅತ್ತೆ ನಡುಮನೆಯಲ್ಲೇ ಅಡ್ಡ ನಿಂತು, "ಬಿಚ್ಚು ಅದನ್ನ," ಎಂದರು. ನಾನು ಅತ್ತುಕೊಂಡು ನೂಲಿನ ಸೀರೆ ಉಟ್ಟುಬಂದೆ. ಇಂಥ ಗಯ್ಯಾಳಿ ಅತ್ತೆಯನ್ನು ಯಾವ ಜನ್ಮದ ಪಾಪಕ್ಕೆ ಪಡೆದೆನೋ ಎಂದುಕೊಂಡೆ.

ಬಸುರಿಯಾದ ಮೇಲೆ ಹೆದರಿಕೆ ಎರಡರಷ್ಟಾಯಿತು. ಹೊಟ್ಟೆ ಮುಂದೆ ಬಂತು, ಆ ಇಕ್ಕಟ್ಟಿನಿಂದ ಏಳಲು ಗೋಡೆ ಹಿಡಿಯಬೇಕಾಯಿತು. ಒಂದು ಬೆಳಿಗ್ಗೆ ಕಡ್ಡಿಪೆಟ್ಟಿಗೆ ಹಿಡಿದುಕೊಂಡು ಒಲೆ ಹೊತ್ತಿಸಲಾರದೆ ಅಳುತ್ತಾ ಕೂತಿದ್ದೆ. ಅತ್ತೆ ನೋಡಿದರು. ತಿರುಗಿ ಹೊರಟುಹೋದರು. ಮುಗಿಯಿತು, ಇವಳಿಂದ ಒಲೆ ಹಚ್ಚಲೂ ಆಗುವುದಿಲ್ಲ ಎಂದು ತವರಿಗೆ ಅಟ್ಟುತ್ತಾರೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಅಟ್ಟಿದರೆ ಸಾಕು ಎಂದೂ ಅನಿಸಿತು.

ಅವತ್ತು ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಅತ್ತೆ ಮಾವನಿಗೆ ಹೇಳಿದರು: "ಅಡುಪು ಮೇಲಕ್ಕೆ ಏಳಬೇಕು. ನಿಂತ್ಕೊಂಡು ಬೇಯಿಸಂಗೆ ಕಲ್ಲು ಆಕಿ ಕಟ್ಟೆ ಕಟ್ಟಿಸಬೇಕು."

ಮಾವ ಒಳ್ಳೆಯವರು, ಊಟದ ಹೊತ್ತಿನಲ್ಲಿ ಇನ್ನೂ ಒಳ್ಳೆಯವರು. "ಅದುಕ್ಕೇನು, ತೇನಿ ಆಪೀಸರ್ ಮನೇಲಿ ಐತಲ್ಲ, ಗೋಡೆ ಪಕ್ಕ, ಅಂಗೇ ಕಟ್ಟಿಸಾನ," ಎಂದರು.

"ಗೋಡೆಗೆ ಬೇಡ. ನಡುವಾಲೆ ಬರ್ಲಿ. ಸುತ್ತ ನಾಕು ದಿಕ್ಕೂ ಓಡಾಕೆ ದಾರಿ ಇರಬೇಕು."

"ಅಡುಗೆ ಮಾಡಾಕಾ, ಪ್ರದಕ್ಷಿಣೆ ಬರಾಕಾ?" ಎಂದು ಮಾವ ನಕ್ಕರು. ಅತ್ತೆ ನಗಲಿಲ್ಲ. ಅವರ ಎಲೆಗೆ ಬಡಿಸುತ್ತಿದ್ದ ಸೌಟು ಹಾಗೇ ನಿಂತಿತು. ಮಾವನ ನಗು ತಾನಾಗಿ ಇಳಿದುಹೋಯಿತು.

ಕಲ್ಲು ನೋಡಲು ದಿಂಡುಕಲ್ಲಿಗೆ ಹೋಗುವುದೆಂದಾಯಿತು. ಬಸುರಿ ಬೇಡ, ಬಸ್ಸಿನ ಕುಲುಕಾಟ ಎಂದರು ಮಾವ. "ಅಡುಪು ಮುಂದೆ ನಿಲ್ಲೋಳು ಅವಳು, ಕಲ್ಲು ನೀವು ಆರಿಸ್ತೀರಾ?" ಎಂದರು ಅತ್ತೆ. ಅಲ್ಲಿಗೆ ಮಾತು ಮುಗಿಯಿತು. ತೇನಿಯಲ್ಲಿ ಬಸ್ಸು ಬದಲಾಯಿಸಿ, ದಾರಿಯುದ್ದಕ್ಕೂ ಪುಳಿಯೋಗರೆಯ ಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಅತ್ತೆ ಕಿಟಕಿಯ ಕಡೆಗೆ ಮುಖ ಮಾಡಿದ್ದರು, ಒಂದು ತುತ್ತೂ ತಿನ್ನಲಿಲ್ಲ.

ಊರಾಚೆ ಕಲ್ಲು ಕಡಿಯುವ ಬಯಲು. ಚಪ್ಪಡಿಗಳನ್ನು ಸಾಲಾಗಿ ಬೇಲಿಗೆ ಒರಗಿಸಿದ್ದರು. ಮಾವನಿಗೆ ಕಂಡ ಕೂಡಲೇ ಒಂದು ಕರಿಯ ಚಪ್ಪಡಿ ಹಿಡಿಸಿಬಿಟ್ಟಿತು. ನೀರು ಎರಚಿದರೆ ಮುಖ ಕಾಣುವಷ್ಟು ಚೆನ್ನಾಗಿತ್ತು, ನಾನೂ ತಲೆಯಾಡಿಸಿದೆ. ಅತ್ತೆ ಅದನ್ನು ಮುಟ್ಟಲೂ ಇಲ್ಲ. ಕಲ್ಲಿನ ಯಜಮಾನನನ್ನು ಕರೆದು, "ಬೆಂಕಿ ಆಕಿ ನೋಡಬೇಕು," ಎಂದು ತಮಿಳಿನಲ್ಲಿ ಹೇಳಿದರು.

ಆತ ಮೀಸೆಯಲ್ಲೇ ನಕ್ಕ. "ಇದು ಕಲ್ಲು ತಾಯೀ, ಸೌದೆ ಅಲ್ಲ."

"ದಿನಾ ಇದರ ಮೇಲೆ ಬೆಂಕಿ ಉರಿಯೋದು. ಸಿಡಿಯೋದಾದ್ರೆ ಇಲ್ಲೇ ಸಿಡಿಯಲಿ, ನನ್ನ ಸೊಸೆ ಮುಖದ ಮೇಲೆ ಬೇಡ."

ಆತ ಆಗಲ್ಲ ಎಂದ. ಅತ್ತೆ ಅವನ ಒಂದು ಚಪ್ಪಡಿಯ ಮೇಲೆ ಕೂತರು. ಕೂತವರು ಏಳಲಿಲ್ಲ. ಬಂದ ಗಿರಾಕಿಗಳು ಈ ಹೆಂಗಸು ಯಾಕೆ ಹೀಗೆ ಕೂತಿದ್ದಾಳೆ ಎಂದು ಕೇಳತೊಡಗಿದರು. ಕೊನೆಗೆ ಆತ ತಲೆ ಚಚ್ಚಿಕೊಂಡು, ಆಯಾ ಚಪ್ಪಡಿಯಿಂದ ಕಡಿದುಳಿದ ತುಂಡುಗಳನ್ನು ತಂದು ಮುಂದೆ ಒಗೆದ. ಕರಿಯದೊಂದು, ಕೆಂಪಗಿನದೊಂದು, ಬೂದು ಬಣ್ಣದ್ದೊಂದು. ಅತ್ತೆ ಒಣ ತಾಳೆಗರಿ, ಪುಳ್ಳೆ ಎಲ್ಲ ಆಯ್ದು ತಂದು ಒಂದೊಂದರ ಮೇಲೂ ಒಟ್ಟಿದರು. ಆಮೇಲೆ ಕಡ್ಡಿಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು.

"ನೀನು ಅಚ್ಚು."

ನಾನು ಪೆಟ್ಟಿಗೆಯನ್ನು ಅವರ ಕಡೆಗೇ ಚಾಚಿದೆ. "ನನ್ನ ಕೈಲಾಗಲ್ಲ ಅತ್ತೆ."

"ಆಗ್ತದೆ. ಇಲ್ಲಿ ಗೋಡೆ ಇಲ್ಲ, ನೋಡು. ಯಾವ ಕಡೆ ಬೇಕಾದ್ರೂ ಓಡು."

ಸುತ್ತ ನೋಡಿದೆ. ಹೌದು, ಬಟ್ಟ ಬಯಲು. ಗೀರಿದೆ. ಮೊದಲನೇ ಕಡ್ಡಿಯೇ ಹತ್ತಿತು. ತಾಳೆಗರಿ ಭಗ್ಗನೆ ಉರಿಯಿತು. ಕಲ್ಲು ಚೆನ್ನಾಗಿ ಕಾದ ಮೇಲೆ ಅತ್ತೆ ಅದರ ಮೇಲೆ ತಂಬಿಗೆಯ ನೀರು ಸುರಿದರು. ಕರಿಯ ತುಂಡು ಫಟ್ ಎಂದು ಸಿಡಿಯಿತು. ಒಂದು ಚೂರು ಮಾವನ ಪಂಚೆ ಹರಿದುಕೊಂಡು ಹೋಯಿತು. ನಾನು ಅಯ್ಯಯ್ಯಪ್ಪಾ ಎಂದು ಕೂಗಿಕೊಂಡು, ಬಸುರಿ ಎನ್ನುವುದನ್ನೂ ಮರೆತು, ರಸ್ತೆಯವರೆಗೂ ಓಡಿದೆ.

ದಮ್ಮು ಕಟ್ಟಿ ತಿರುಗಿ ನೋಡಿದರೆ ಅತ್ತೆ ನಿಂತಲ್ಲೇ ನಿಂತಿದ್ದಾರೆ. ಎಂಥ ಗಂಡೆದೆ ಎಂದುಕೊಂಡು ಹತ್ತಿರ ಹೋದೆ. ಹೋದ ಮೇಲೆ ಗೊತ್ತಾಯಿತು, ಅದು ಗಂಡೆದೆಯಲ್ಲ. ಅವರ ಮೊಣಕಾಲು ಗಡಗಡ ನಡುಗುತ್ತಿತ್ತು, ತುಟಿ ಬಿಳಿಚಿಕೊಂಡಿತ್ತು. ಓಡಲು ಕಾಲೇ ಬಂದಿರಲಿಲ್ಲ. ನಾನು ತೋಳು ಹಿಡಿದುಕೊಂಡೆ. ಮದುವೆಯಾದ ಮೇಲೆ ನಾನಾಗಿ ಅವರನ್ನು ಮುಟ್ಟಿದ್ದು ಅದೇ ಮೊದಲು.

"ನಂಗೂ ಪಯಾನೇ ತಾಯಿ," ಎಂದರು, ಮಾವನಿಗೆ ಕೇಳದ ಹಾಗೆ. "ದಿನಾ ನೀನು ಅಡುಪಿಂದ ಎದ್ದು ಈಚೆ ಬರೋ ತನಕ ನಂಗೆ ಉಸಿರು ಬರಲ್ಲ. ಒಳಗೆ ಬರಾನ ಅಂದ್ರೆ ಕಾಲು ಏಳಲ್ಲ. ಬಾಗಿಲಲ್ಲಿ ನಿಂತು ಕೂಗ್ತೀನಿ, ಇನ್ನೇನು ಮಾಡ್ಲಿ."

ಆ ಬಿಸಿಲಲ್ಲಿ ನನಗೆ ಅಳು ಒತ್ತರಿಸಿ ಬಂತು. ಇವರನ್ನು ಗಯ್ಯಾಳಿ ಎಂದುಕೊಂಡಿದ್ದೆನಲ್ಲ! ಒಂದೇ ಅಡುಗೆಮನೆಗೆ ನಾವಿಬ್ಬರೂ ಹೆದರುತ್ತಿದ್ದೆವು, ನಾನು ಒಳಗೆ ಕೂತು, ಅವರು ಹೊರಗೆ ನಿಂತು.

ಕೆಂಪು ತುಂಡಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಬೂದು ಕಲ್ಲು ಮಾತ್ರ ಬೆಂಕಿಗೂ ಜಗ್ಗಲಿಲ್ಲ, ನೀರಿಗೂ ಜಗ್ಗಲಿಲ್ಲ. ಅದರ ಮೈಮೇಲೆ ಅಡ್ಡಾದಿಡ್ಡಿ ಬಿಳಿ ಪಟ್ಟೆ ಬೇರೆ. ನೋಡಲು ಚೂರೂ ಚೆನ್ನಾಗಿಲ್ಲ. ನೆಂಟರಿಷ್ಟರು ಏನಂದಾರು ಎಂದು ಮಾವ ಗೊಣಗಿದರು. "ಇದೇ," ಎಂದರು ಅತ್ತೆ.

ದ್ರಾಕ್ಷಿ ಹೇರಿಕೊಂಡು ಹೋದ ಲಾರಿಯೊಂದು ಹಿಂದಿರುಗುವಾಗ ಆ ಕಲ್ಲನ್ನು ತಂದು ನಮ್ಮ ಬಾಗಿಲಲ್ಲಿ ಇಳಿಸಿತು. ಅದನ್ನು ಎಲ್ಲಿ ಕೂರಿಸುವುದು, ಎಷ್ಟು ಅಗಲ ಇರಬೇಕು ಎಂದು ಮೇಸ್ತ್ರಿ ದಾರ ಹಿಡಿದ. ಅತ್ತೆ ದಾರ ನೋಡಲಿಲ್ಲ. ನನ್ನ ಸೊಂಟದ ಮೇಲೆ ಒಂದು ಕೊಡ ಇಟ್ಟು, ಅಡುಗೆಮನೆಯಲ್ಲಿ ಸುತ್ತು ಹಾಕು ಎಂದರು. ದಿನ ತುಂಬುತ್ತಿದ್ದ ನಾನು ಆ ಹೊಟ್ಟೆ, ಆ ಕೊಡ ಹೊತ್ತು ಮದುಮಗಳ ಹಾಗೆ ಸುತ್ತಿದೆ. "ಇನ್ನೂ ಬಿರ್ರನೆ," ಎಂದರು. ಓಡಿದೆ. ನನ್ನ ಮೊಣಕೈ ಗೋಡೆಗೆ ತಾಗದ ಹಾಗೆ ಎಷ್ಟು ದಾರಿ ಬೇಕೋ ಅಷ್ಟು ಬಿಟ್ಟು, ಉಳಿದದ್ದಕ್ಕೆ ಕಲ್ಲು ಕಡಿಸಿದರು. ಊರಿನ ಹೆಂಗಸರು ಗುಂಪು ಗುಂಪಾಗಿ ಬಂದು ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕು ಹೋದರು. ಅಡುಗೆಮನೆಯ ನಟ್ಟನಡುವೆ ಬಲಿಪೀಠದ ಹಾಗೆ ಒಂದು ಕಟ್ಟೆ! ಯಾರು ಎಷ್ಟು ನಕ್ಕರೂ ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಅಷ್ಟೆಲ್ಲ ಮಾಡಿಸಿದವರು ಒಳಗೆ ಮಾತ್ರ ಬರಲಿಲ್ಲ. ಮೊದಲಿನ ಹಾಗೇ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. ನಾನು ಮಾತ್ರ ಮೊದಲಿನ ಹಾಗೆ ಬೆಚ್ಚಿಬೀಳುತ್ತಿರಲಿಲ್ಲ, "ಸಿಕ್ಕಿಸಿದೀನಿ ಅತ್ತೆ," ಎಂದು ಕೂಗಿ ಹೇಳುತ್ತಿದ್ದೆ.

ಅತ್ತೆ ಬಹಳ ಕಾಲ ಬದುಕಿದರು. ಮುಪ್ಪಿನಲ್ಲಿ, ಮಲಗಿದಲ್ಲೇ, ನನ್ನ ಕೈಯಿಂದ ಗಂಜಿ ಕುಡಿದು ಕಣ್ಣು ಮುಚ್ಚಿದರು. ಅವರನ್ನು ನೆನೆದಾಗ ನನಗೆ ಆ ಸಾವು ನೆನಪಾಗುವುದಿಲ್ಲ. ನೆನಪಾಗುವುದು ಇನ್ನೊಂದು ದಿನ.

ನನ್ನ ಮಗಳು ಆಗಷ್ಟೇ ಪುಟ್ಟ ಹೆಜ್ಜೆ ಇಡಲು ಕಲಿಯುತ್ತಿದ್ದಳು. ಯಜಮಾನರು ತೇನಿಯಿಂದ ಸೀಮೆಎಣ್ಣೆಯ ಪಂಪ್ ಸ್ಟೌ ತಂದು ಕಲ್ಲಿನ ಮೇಲೆ ಇಟ್ಟಿದ್ದರು. ಅವತ್ತು ಅತ್ತೆ ಹಿತ್ತಲಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದರು. ನಾನು ಪಂಪ್ ಒತ್ತುತ್ತಿದ್ದೆ, ಮಗು ನನ್ನ ಕಾಲು ತಬ್ಬಿಕೊಂಡಿತ್ತು. ಏನಾಯಿತೋ, ಸ್ಟೌ ಬುಸ್ಸೆಂದು ಮೇಲಕ್ಕೆ ಉರಿಯಿತು. ಎಣ್ಣೆ ಹೊತ್ತಿಕೊಂಡು ಕಲ್ಲಿನ ಮೇಲೆಲ್ಲ ಹರಿದು ಬಾಗಿಲಿಗೆ ಹೋಗುವ ನನ್ನ ಪಕ್ಕದ ದಾರಿಗೇ ಸುರಿಯಿತು. ನನಗೂ ಬಾಗಿಲಿಗೂ ನಡುವೆ ಆಳೆತ್ತರದ ಬೆಂಕಿ. ಕಾಲಿಗೆ ದಾರಿ ಗೊತ್ತಿತ್ತು. ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು, ಕಲ್ಲಿನ ಹಿಂದಿನಿಂದ ಸುತ್ತಿ, ಬೆಂಕಿಯಿಲ್ಲದ ಆ ಕಡೆಯ ದಾರಿಯಿಂದ ಬಾಗಿಲು ದಾಟಿ ಅಂಗಳಕ್ಕೆ ಬಿದ್ದೆ. ನನ್ನ ಕೂಗಿಗೆ ಮಾವ, ಯಜಮಾನರು ಮಣ್ಣು ಎರಚಿಕೊಂಡು ಒಳಕ್ಕೆ ನುಗ್ಗಿದರು.

ಅತ್ತೆ ಹಿತ್ತಲಿಂದ ಓಡಿಬಂದರು. ಒಳಗಿನ ಹೊಗೆ ನೋಡಿದರು, ನುಗ್ಗೆಮರದ ಕೆಳಗೆ ಕೂತಿದ್ದ ನಮ್ಮಿಬ್ಬರನ್ನು ನೋಡಿದರು. ನನ್ನ ಸೆರಗು, ಕೂದಲು, ಕೈ, ಮಗುವಿನ ಪಾದ ಎಲ್ಲ ತಡವಿದರು. ಎಲ್ಲೂ ಸುಟ್ಟಿರಲಿಲ್ಲ. ಇನ್ನೊಂದು ಸಲ ಮೊದಲಿನಿಂದ ತಡವಿದರು. ಆಮೇಲೆ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತು, ಅಷ್ಟು ವರ್ಷದಲ್ಲಿ ಒಂದು ಸಲವೂ ಮಗಳ ಮಾತೆತ್ತದಿದ್ದ ನಮ್ಮತ್ತೆ, ಎರಡೂ ಕೈ ಅಗಲಿಸಿ ಕಲ್ಲಿನ ಸುತ್ತ ಬಿಡಿಸಿದ್ದ ಆ ದಾರಿಯ ಅಗಲವನ್ನು ನನಗೆ ತೋರಿಸಿದರು.

"ಇಷ್ಟೇ ತಾಯಿ. ಅವಳ್ಗೂ ಇಷ್ಟೇ ಸಾಕಾಗಿತ್ತು," ಎಂದು ಗೊಳೋ ಎಂದು ಅತ್ತರು.

ಮಗುವನ್ನು ಎತ್ತಿ ಅವರ ಮಡಿಲಿಗೆ ಹಾಕಿದೆ.